ಇಬ್ಬನಿ ಆರುವ ಮೊದಲು

ಸ್ಟುಡಿಯೋಕ್ಕೆ ಬೀಗ ಹಾಕಿ, ಇನ್ನು ಮುಂದೆ ಕ್ಯಾಮೆರಾ ಮುಟ್ಟುವವಳಲ್ಲ ಎಂದು ಹುಮನಾಬಾದಿನ ಬಜಾರದ ತುಂಬ ಹೇಳಿಕೊಂಡು ತಿರುಗಿದ್ದೆ. ಆಮೇಲೂ ನನ್ನನ್ನು ಮಾಗಿಯ ಚಳಿಯಲ್ಲಿ ಹೊಲಕ್ಕೆ ಎಳೆದುಕೊಂಡು ಹೋದವಳು ರಾಜೇಶ್ವರದ ರೇಣುಕಾ. ಬಸವಕಲ್ಯಾಣದಲ್ಲಿ ನರ್ಸ್ ಕೆಲಸ ಮಾಡುವ ಹುಡುಗಿ, ಮದುವೆ ಗೊತ್ತಾಗಿತ್ತು. ಮನೆಗೆ ಬಂದವಳು ಕೊಟ್ಟ ನೀರನ್ನೂ ಕುಡಿಯದೆ ಮಾತು ಶುರು ಮಾಡಿದಳು.

"ಮಾವಶಿ, ಹೊತ್ತು ಹುಟ್ಟೋ ಮುಂದ ಹೊಲದಾಗ ಒಂದ್ ಫೋಟೋ ತಗೀಬೇಕ್ರಿ. ನಂದು, ನಮ್ಮವ್ವಂದು."

"ಈಗಿನ ಹುಡುಗರು ಅದಾರಲ್ಲವಾ, ಡ್ರೋನ್ ಹಾರಸ್ತಾರ. ಅವರನ್ನ ಕರಿ. ನನ್ನ ಮೊಣಕಾಲು ಕೇಳಂಗಿಲ್ಲ."

"ಗಂಡಸರು ಕ್ಯಾಮೆರಾ ಹಿಡಿದ್ರ ಅವ್ವ ಹೊಳ್ಳಿ ನಿಂದರ್ತಾಳ್ರಿ. ಲಗ್ನದ ಫೋಟೋದಾಗಂತೂ ಒಟ್ಟ ಬರಂಗಿಲ್ಲ ಅಂತ ಕುಂತಾಳ. ನಾ ನಿಂತ್ರ ನಿನಗ ಒಳ್ಳೇದಾಗಂಗಿಲ್ಲ ಅಂತಾಳ."

ನನಗೆ ಅರ್ಥವಾಯಿತು. ರೇಣುಕಾ ಸಣ್ಣವಳಿದ್ದಾಗಲೇ ಅವಳ ಅಪ್ಪ ಹೋಗಿದ್ದ. ತಾಯಿ ಭಾಗಮ್ಮ ಕುರಿ ಕಾಯ್ದು ಮಗಳನ್ನು ಓದಿಸಿದ್ದಳು.

ಈ ಕಸುಬಿಗೆ ಹೊಸದಾಗಿ ಬರುತ್ತಿರುವವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಯಾವುದೇ ಮದುವೆಯ ಆಲ್ಬಮ್ ತೆಗೆದು ನೋಡಿ. ಅದರಲ್ಲಿ ಅತ್ತೆಯ ಅಕ್ಕನ ಮಗಳೂ ಇರುತ್ತಾಳೆ, ಬ್ಯಾಂಡಿನವನೂ ಇರುತ್ತಾನೆ, ಊಟದ ಪಂಕ್ತಿಯಲ್ಲಿ ಬಾಯಿ ತೆರೆದು ಕೂತ ಯಾರೋ ಸಾಹುಕಾರನೂ ಇರುತ್ತಾನೆ. ಗಂಡ ಸತ್ತ ತಾಯಿ ಮಾತ್ರ ಇರುವುದಿಲ್ಲ. ರೊಟ್ಟಿ ಬಡಿದದ್ದು, ಬೀಗರ ಕಾಲಿಗೆ ನೀರು ಕೊಟ್ಟದ್ದು, ಮಗಳ ಸೀರೆಯ ನೆರಿಗೆ ಹಿಡಿದದ್ದು ಎಲ್ಲ ಅವಳೇ. ಹೊರಗೆ ನಿಲ್ಲಿ ಎಂದು ನಾವ್ಯಾರೂ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಕ್ಯಾಮೆರಾ ಎತ್ತಿದ ಕೂಡಲೇ ಅವರು ತಾವಾಗಿಯೇ ಸರಿದುಬಿಡುತ್ತಿದ್ದರು. ಶರಣರು ನಡೆದಾಡಿದ ಕಲ್ಯಾಣದ ಮಗ್ಗುಲಲ್ಲೇ ಬಾಳಿ ಬದುಕಿಯೂ ನಾವು ಹೀಗೇ ಇದ್ದೇವೆ. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

"ಅಲ್ಲವಾ, ಹೊತ್ತು ಹುಟ್ಟೋ ಮುಂದನ ಯಾಕ? ಮಧ್ಯಾಹ್ನ ಬಿಸಲಾಗ ತಗದ್ರ ಬರಂಗಿಲ್ಲೇನು?" ಎಂದೆ.

"ಚಳಿಗಾಲದಾಗ ಇಬ್ಬನಿ ಆರೋತನಕ ಕುರಿ ಹೊರಗ ಬಿಡಂಗಿಲ್ರಿ. ಹಸಿ ಹುಲ್ಲು ತಿಂದ್ರ ಹೊಟ್ಟಿ ಉಬ್ಬತಾವ. ಅವ್ವಗ ಪುರುಸೊತ್ತು ಅಂದ್ರ ಅದೊಂದ ಹೊತ್ತು. ಮುಂದಿನ ವಾರ ನನಗ ಅರಿಶಿಣ ಹಚ್ತಾರ. ಒಮ್ಮೆ ಅರಿಶಿಣ ಬಿತ್ತಂದ್ರ ಆಕಿ ಅಡಗಿ ಮನಿ ಬಿಟ್ಟು ಹೊರಗ ಬರಂಗಿಲ್ಲ." ಅವಳ ದನಿ ಸಣ್ಣದಾಯಿತು. "ಹೊಲದಾಗ ಭಟ್ಟರಿಲ್ಲ, ಹಿರೇರಿಲ್ಲ. ಅಲ್ಲೇ ಆದ್ರ ಆಗಬೇಕು ಮಾವಶಿ, ಇಲ್ಲಾಂದ್ರ ಇಲ್ಲ."

ನೋಡೋಣ ಎಂದೆ. ನಮ್ಮ ಕಸುಬಿನಲ್ಲಿ ನೋಡೋಣ ಎಂದರೆ ಹೂಂ ಎಂದೇ ಲೆಕ್ಕ.

ಸೂರ್ಯೋದಯ ತೆಗೆಯುವುದು ನನಗೆ ಹೊಸದಾಗಿರಲಿಲ್ಲ. ಆ ಪಾಠವಾದದ್ದು ಉಸ್ತಾದರ ಕೈಯಲ್ಲಿ. ಹುಮನಾಬಾದಿನ ಬಜಾರದಲ್ಲಿ ನಮ್ಮಪ್ಪನ ಹೊಲಿಗೆ ಅಂಗಡಿಯ ಪಕ್ಕದಲ್ಲೇ ಅವರ ಸ್ಟುಡಿಯೋ ಇತ್ತು. ಪರದೆಯ ಮನೆಗಳ ಹೆಣ್ಣುಮಕ್ಕಳು ಗಂಡಸರ ಎದುರು ಕೂರುತ್ತಿರಲಿಲ್ಲ. ಸೇಠರ ಮನೆಯ ಸೊಸೆಯರೂ ಹಾಗೆಯೇ. ಹೀಗಾಗಿ ಉಸ್ತಾದರಿಗೆ ಒಬ್ಬ ಹುಡುಗಿ ಬೇಕಾಗಿತ್ತು. ಗುಂಡಿ ಹಚ್ಚುತ್ತ ಕೂತಿದ್ದ ನನ್ನನ್ನು ನೋಡಿ, "ಅರೆ ಬೇಟಿ, ಸೂಜಿಯಾಗ ದಾರ ಪೋಣಿಸೋ ಕಣ್ಣು ನಿಂದು. ಫೋಕಸ್ ತಾನಾಗೇ ಬರ್ತದ, ಬಾ" ಎಂದು ಕರೆದರು. ಅಪ್ಪ ಬೇಡ ಎಂದ. ಉಸ್ತಾದರು ಅಪ್ಪನಿಗೆ ಚಹಾ ಕುಡಿಸಿ ಕುಡಿಸಿಯೇ ಒಪ್ಪಿಸಿದರು.

ಉಸ್ತಾದರಿಗೆ ಎಲ್ಲ ವಿದ್ಯೆಯೂ ಇತ್ತು, ಬೆಳಗ್ಗೆ ಏಳುವುದೊಂದು ಬಿಟ್ಟು. ಒಂದು ಬೀಜ ಗೊಬ್ಬರದ ಅಂಗಡಿಯವರು ಪ್ರತಿವರ್ಷ ಕ್ಯಾಲೆಂಡರಿಗೆ ಮುಂಜಾವಿನ ಫೋಟೋ ಕೇಳುತ್ತಿದ್ದರು. ಉಸ್ತಾದರು ಸಂಜೆ ಆರಾಮಾಗಿ ಹೋಗಿ ಮುಳುಗುವ ಸೂರ್ಯನನ್ನು ಹಿಡಿದು ಮುಂಜಾವು ಎಂದು ಕೊಟ್ಟುಬಿಡುತ್ತಿದ್ದರು. "ಕೆಂಪು ಕೆಂಪೇ ಬೇಟಿ. ಹುಟ್ಟಿದ್ರೇನು, ಮುಳುಗಿದ್ರೇನು, ಕಾಗದಕ್ಕ ಏನ್ ಗೊತ್ತಾಗ್ತದ?" ಎನ್ನುತ್ತಿದ್ದರು.

ಕಾಗದಕ್ಕೆ ಗೊತ್ತಾಗದಿದ್ದರೂ ಬಜಾರಿಗೆ ಗೊತ್ತಾಯಿತು. ಒಂದು ವರ್ಷದ ಕ್ಯಾಲೆಂಡರಿನಲ್ಲಿ ತಲೆ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸು, ಅವಳ ಹಿಂದೆ ಹೊಟ್ಟೆ ಡೊಳ್ಳಿನಂತಾದ ಕುರಿಗಳು. ಕೆಳಗೆ ದೊಡ್ಡ ಅಕ್ಷರದಲ್ಲಿ ಶುಭೋದಯ. ಬೀಜಕ್ಕೆ ಬಂದವರೆಲ್ಲ ಅದನ್ನು ನೋಡಿ, ನಿಮ್ಮ ಕುರಿ ರಾತ್ರಿ ಎಲ್ಲಾ ಮೇಯ್ದು ಬರ್ತಾವೇನ್ರಿ ಸಾಹುಕಾರ್ರ, ನಮಗೂ ಅಂಥಾವ ಎರಡು ಕೊಡಸ್ರಿ ಎಂದು ಕಾಡಿದರು. ಅಂಗಡಿಯವರು ಸ್ಟುಡಿಯೋಕ್ಕೆ ಬಂದು ಕೂಗಾಡಿದರು. ಉಸ್ತಾದರು ಅವರಿಗೂ ಚಹಾ ತರಿಸಿದರು. ಮರುವರ್ಷದಿಂದ ಖರೇ ಮುಂಜಾವು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು.

ಆಗಷ್ಟೇ ನನ್ನ ಮದುವೆಯಾಗಿತ್ತು. ಚಳಿಯಲ್ಲಿ ಹೆಂಡತಿಯನ್ನು ಲೂನಾದ ಹಿಂದೆ ಕೂರಿಸಿಕೊಂಡು ಹುಡಗಿ ಎಂಬ ಊರಿನ ಕಡೆಯ ಹೊಲಗಳಿಗೆ ಹೋಗುವುದು ನಮ್ಮ ಮನೆಯವರ ಪಾಲಿನ ಕೆಲಸವಾಯಿತು. ಮಫ್ಲರಿನೊಳಗಿಂದ ಅವರು ದಾರಿಯುದ್ದಕ್ಕೂ ಬೈಯುತ್ತಿದ್ದರು. ಯಾರನ್ನು ಬೈಯುತ್ತಿದ್ದಾರೆ, ಸೂರ್ಯನನ್ನೋ ಉಸ್ತಾದರನ್ನೋ ನನ್ನನ್ನೋ, ಗಾಳಿಯಲ್ಲಿ ಕೇಳುತ್ತಿರಲಿಲ್ಲ. ಒಂದು ದಿನವೂ ಬರುವುದಿಲ್ಲ ಎಂದವರಲ್ಲ ಅವರು.

ಮೊದಲ ವರ್ಷವೇ ನಾನು ಎಡವಟ್ಟು ಮಾಡಿದೆ. ಹೊಲದಲ್ಲಿ ಕಾಯುತ್ತ ಕೂತಾಗ ಕ್ಯಾಮೆರಾ ತಣ್ಣಗೆ ಕೊರೆಯತೊಡಗಿತು. ಪಾಪ, ಅದಕ್ಕೂ ಚಳಿಯಲ್ಲವೇ ಎಂದು ಕಂಬಳಿಯೊಳಗೆ ಎದೆಗವಚಿಕೊಂಡು ಕೂತೆ. ತಣ್ಣಗಿನ ಗಾಜಿಗೆ ಮೈಯ ಹಬೆ ಹತ್ತಿ ಲೆನ್ಸು ಪೂರ್ತಿ ಮಂಜಾಯಿತು. ನನಗೆ ತಿಳಿಯಲೇ ಇಲ್ಲ. ರೋಲನ್ನು ತೊಳೆಯಲು ಹೈದರಾಬಾದಿಗೆ ಕಳಿಸಬೇಕಾದ ಕಾಲ ಅದು. ಪ್ರಿಂಟ್ ಬಂದಾಗ ಹೊಲವಿಲ್ಲ, ಮರವಿಲ್ಲ, ಎಲ್ಲ ಹಾಲು ಹಾಲು, ನಡುವೆ ಒಂದು ಕಿತ್ತಳೆ ಚುಕ್ಕೆ. ನಾನು ಅಳುತ್ತ ಕೂತೆ. ಉಸ್ತಾದರು ಅದನ್ನೇ ತೆಗೆದುಕೊಂಡು ಹೋಗಿ, ಮಂಜು ಕವಿದ ಮುಂಜಾವು ಎಂದು ಅಂಗಡಿಯವರಿಗೆ ಒಪ್ಪಿಸಿ ಬಂದರು. ಆ ವರ್ಷದ ಕ್ಯಾಲೆಂಡರನ್ನು ಜನ ಬೇಡಿ ಬೇಡಿ ಒಯ್ದರು. ನಾನು ಮಾತ್ರ ಅಂದಿನಿಂದ ಕ್ಯಾಮೆರಾವನ್ನು ಚಳಿಗೇ ಬಿಟ್ಟು ಬ್ಯಾಟರಿಯನ್ನಷ್ಟೇ ಕುಪ್ಪಸದೊಳಗೆ ಇಟ್ಟುಕೊಳ್ಳುವುದನ್ನು ಕಲಿತೆ. ಬ್ಯಾಟರಿಗೆ ಬೆಚ್ಚಗೆ ಬೇಕು, ಗಾಜಿಗೆ ಬೇಡ.

ಇನ್ನು ಕೆಲವು ಮಾತು ಕೇಳಿದವರಿಗಷ್ಟೇ ಹೇಳುತ್ತೇನೆ. ಚಳಿಗಾಲದ ಸೂರ್ಯ ನೇರ ಪೂರ್ವಕ್ಕೆ ಏಳುವುದಿಲ್ಲ, ಬಲಕ್ಕೆ ಬಹಳ ಸರಿದಿರುತ್ತಾನೆ. ಹಿಂದಿನ ದಿನ ಹೋಗಿ ನೋಡದೆ ಕ್ಯಾಮೆರಾ ಹೂಡಿದರೆ ಅವನು ಯಾವುದೋ ಬೇವಿನ ಮರದ ಹಿಂದಿನಿಂದ ಎದ್ದು ನಗುತ್ತಾನೆ. ಕಣ್ಣು ಕ್ಯಾಮೆರಾಕ್ಕೆ ಹಚ್ಚಿದಾಗ ಉಸಿರು ಬಿಗಿ ಹಿಡಿಯಬೇಕು, ಇಲ್ಲದಿದ್ದರೆ ಹಬೆ ಕಟ್ಟುತ್ತದೆ. ಹಳೆಯ ಉಣ್ಣೆಯ ಕಾಲುಚೀಲದ ಬೆರಳು ಕತ್ತರಿಸಿ ಕೈಗೆ ಹಾಕಿಕೊಂಡರೆ ಅದಕ್ಕಿಂತ ಒಳ್ಳೆಯ ಕೈಗವಸು ಬೇರೆ ಇಲ್ಲ. ಆಗಿನ ಕಾಲವೇ ಚಂದ ಎಂದು ನಾನೇನೂ ರಾಗ ಎಳೆಯುವುದಿಲ್ಲ. ತೆಗೆದದ್ದನ್ನು ಅಲ್ಲೇ ನೋಡುವ ಈಗಿನ ಕ್ಯಾಮೆರಾ ಆಗಲೇ ಇದ್ದಿದ್ದರೆ ನನ್ನ ತಲೆ ಇಷ್ಟು ಬೇಗ ನೆರೆಯುತ್ತಿರಲಿಲ್ಲ.

ಮದುವೆಗೆ ಮೊದಲೇ ಹುಡುಗ ಹುಡುಗಿಯನ್ನು ಹೊರಗೆ ಕರೆದೊಯ್ದು ಫೋಟೋ ತೆಗೆಯುವ ಈ ಪ್ರೀ ವೆಡ್ಡಿಂಗ್ ಎಂಬುದು ಶುರುವಾದಾಗ ನಾನೂ ಮೂಗು ಮುರಿದವಳೇ. ಕೋಟೆಯ ಗೋಡೆಗೆ ಒರಗಿ ಬಾಡಿಗೆಯ ಗೌನು ಹಾಕಿಕೊಂಡು ನಿಲ್ಲುವುದೇನು, ಹೊಗೆ ಬಿಡುವುದೇನು. ಆದರೆ ರೇಣುಕಾ ಅದರಲ್ಲೊಂದು ಸಂದಿಯನ್ನು ಕಂಡುಹಿಡಿದಿದ್ದಳು. ಇದು ಯಾವ ಶಾಸ್ತ್ರದಲ್ಲೂ ಇಲ್ಲದ ಹೊಸ ಪದ್ಧತಿ. ಶಾಸ್ತ್ರವೇ ಇಲ್ಲದಲ್ಲಿ ಯಾರು ನಿಲ್ಲಬೇಕು, ಯಾರು ನಿಲ್ಲಬಾರದು ಎಂದು ಹೇಳುವವರು ಯಾರು? ಜಾಣೆ ಹುಡುಗಿ. ತಾಯಿಗೆ ಮಾತ್ರ ಅವಳು ಈ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ತನ್ನದೂ ಹುಡುಗನದೂ ಫೋಟೋ ತೆಗೆಯಲು ಹೊಲಕ್ಕೆ ಬರುತ್ತಾರೆ ಎಂದಷ್ಟೇ ಹೇಳಿದ್ದಳು.

ಗೊತ್ತು ಮಾಡಿದ ದಿನ ನಸುಕಿನಲ್ಲಿ ಸ್ಕೂಟರ್ ಏರಿದೆವು. ಲೂನಾ ಹೋಗಿ ಸ್ಕೂಟರ್ ಬಂದಿದ್ದರೂ ಮಫ್ಲರಿನೊಳಗಿನ ಬೈಗುಳ ಮಾತ್ರ ಬದಲಾಗಿರಲಿಲ್ಲ. ರಾಜೇಶ್ವರದಿಂದಾಚೆ, ತೊಗರಿ ಕೊಯ್ದ ಹೊಲವೊಂದರಲ್ಲಿ ಬಲೆ ಕಟ್ಟಿ ಕುರಿ ನಿಲ್ಲಿಸಿದ್ದರು. ನೂರಾರು ಕುರಿಗಳ ಉಸಿರು ಹಬೆಯಾಗಿ ಬಲೆಯ ಮೇಲೆ ಆಡುತ್ತಿತ್ತು. ಮೂರು ಕಲ್ಲಿನ ಒಲೆಯ ಮುಂದೆ ಭಾಗಮ್ಮ ಚಹಾ ಕಾಯಿಸುತ್ತಿದ್ದಳು. ಎತ್ತರದ, ಬಿಸಿಲಿಗೆ ಬೆಂದ ಹೆಂಗಸು. ಪಕ್ಕದಲ್ಲಿ ರೇಣುಕಾ ಸಿಂಗರಿಸಿಕೊಂಡು ಕೂತಿದ್ದಳು.

"ಬರ್ರಿ ಅಕ್ಕಾರ. ಥಂಡಿ ಭಾಳ ಐತಿ, ಬೆಂಕಿ ಹಂತೇಲಿ ಕುಂದರ್ರಿ. ಸಕ್ಕರಿ ಜಾಸ್ತಿ ಆಗ್ಯಾದೇನೋ ನೋಡ್ರಿ."

ಅಷ್ಟರಲ್ಲಿ ಕಲ್ಯಾಣದಿಂದ ಆಟೋ ಬಂತು. ವರ ಸಂತೋಷ ಇಳಿದ. ಫೋಟೋಕ್ಕೆಂದು ತೆಳ್ಳನೆಯ ಕೋಟು ಹಾಕಿಕೊಂಡು ಬಂದವನು ಗಡಗಡ ನಡುಗುತ್ತಿದ್ದ. ಅವನ ಹಿಂದೆಯೇ ಅವನ ತಾಯಿ ಶಕುಂತಲಾಬಾಯಿ ಇಳಿದರು. ಕಲ್ಯಾಣದಲ್ಲಿ ಕಿರಾಣಿ ಅಂಗಡಿ ಇರುವ ಮನೆತನ. ಮದುವೆಗೆ ಮೊದಲು ಹುಡುಗ ಹುಡುಗಿಯನ್ನು ಬಯಲಲ್ಲಿ ಒಂಟಿ ಬಿಡುವುದು ಸರಿಯಲ್ಲ ಎಂದು ಕಾವಲಿಗೆ ಬಂದಿದ್ದರು. ಇಳಿದವರೇ ನನ್ನನ್ನು ಬದಿಗೆ ಕರೆದರು.

"ಫೋಟೋ ಹುಡುಗ ಹುಡುಗಿದ್ದು ಅಷ್ಟ ಇರ್ಲಿ. ಬ್ಯಾರೆ ಯಾರೂ ಬ್ಯಾಡ. ನಮ್ಮ ಮಂದಿ ನೂರಾ ಎಂಟು ಮಾತಾಡ್ತಾರ."

ಹೂಂ ಎಂದೆ. ರೇಣುಕಾಳ ಮುಖ ನೋಡಿದೆ. ಅವಳಿಗೂ ಕೇಳಿಸಿತ್ತು.

ಭಾಗಮ್ಮ ಅಳಿಯನಾಗುವವನ ನಡುಕ ನೋಡಿ ತನ್ನ ಕಂಬಳಿ ತೆಗೆದಳು. ಆದರೆ ತಾನೇ ಹೋಗಿ ಹೊದಿಸಲಿಲ್ಲ. ಮಗಳ ಕೈಗೆ ಕೊಟ್ಟು, "ನೀ ಕೊಡವಾ" ಎಂದು ಹಿಂದೆ ಸರಿದಳು. ಶುಭಕಾರ್ಯಕ್ಕೆ ಹೊರಟವನನ್ನು ತನ್ನ ಕೈ ಮುಟ್ಟಬಾರದು ಎಂಬುದು ಅವಳ ಲೆಕ್ಕ.

ಪೂರ್ವದಲ್ಲಿ ಕೆಂಪು ಒಡೆಯುತ್ತಿತ್ತು. ಇಬ್ಬರನ್ನೂ ಬಲೆಯ ಮುಂದೆ ನಿಲ್ಲಿಸಿದೆ. ಸೂರ್ಯ ಬೆನ್ನ ಹಿಂದೆ ಬಂದರೆ ಮುಖ ಕಪ್ಪಾಗುತ್ತದೆ. ಆಗ ಎದುರಿನಿಂದ ಯಾರಾದರೂ ರಿಫ್ಲೆಕ್ಟರ್ ಹಿಡಿಯಬೇಕು. ಬೆಳ್ಳಿ ಬಣ್ಣದ ದುಂಡನೆಯ ಪರದೆ ಅದು, ಸೂರ್ಯನ ಬೆಳಕನ್ನೇ ಹೊರಳಿಸಿ ಮುಖಕ್ಕೆ ಎರಚುತ್ತದೆ. ಯಾವಾಗಲೂ ಅದನ್ನು ಹಿಡಿಯುವವರು ನಮ್ಮ ಮನೆಯವರು. ಆದರೆ ಅವತ್ತು ಅವರ ಭುಜ ಹಿಡಿದುಕೊಂಡು ಕೈ ಮೇಲೇಳುತ್ತಿರಲಿಲ್ಲ. ಭಾಗಮ್ಮನನ್ನು ಕರೆದೆ. ಭುಜ ನೆಪ. ಅವಳನ್ನು ಹೇಗಾದರೂ ಮಾಡಿ ಒಲೆಯ ಹತ್ತಿರದಿಂದ ಎಬ್ಬಿಸಿ ತರಬೇಕಾಗಿತ್ತು.

"ಇದನ್ನೀಟು ಹಿಡೀರಿ ಭಾಗಮ್ಮ. ಮಗಳ ಮಾರಿ ಮ್ಯಾಲ ಬೆಳಕು ಬೀಳಬೇಕು."

"ಫೋಟೋದಾಗ ನಾ ಬರಂಗಿಲ್ಲಲ್ಲರಿ?"

"ಇಲ್ಲ. ನೀವು ಈಚೆ ಇರ್ತೀರಿ."

ಆಗಲಿ ಎಂದು ಎರಡೂ ಕೈಯಲ್ಲಿ ಹಿಡಿದಳು. ಹಿಡಿಯುವ ಮೊದಲು ಸೆರಗನ್ನು ಹಣೆಯಿಂದ ಗದ್ದದ ತನಕ ಇಳಿಸಿಕೊಂಡಳು. ಮುಂಜಾನೆ ಎದ್ದು ಮದುಮಕ್ಕಳು ತನ್ನ ಮುಖ ನೋಡಬಾರದು! ಅವಳಿಗೆ ಏನೂ ಕಾಣುತ್ತಿರಲಿಲ್ಲ. ಸೂರ್ಯ ಎದ್ದ. ಬೆಳಕು ಪರದೆಗೆ ಬಡಿದು ಒಮ್ಮೆ ಕುರಿಗಳ ಮೇಲೆ, ಒಮ್ಮೆ ಸಂತೋಷನ ಮೊಣಕಾಲ ಮೇಲೆ ಅಲೆದಾಡಿತು. ನಾನು ಎಡಕ್ಕೆ, ಬಲಕ್ಕೆ ಎಂದು ಹೇಳುತ್ತ ಹೋದೆ. ಅವಳು ಕುರುಡಿಯಂತೆ ತಿರುಗಿಸುತ್ತ ಹೋದಳು. ಕೊನೆಗೆ ಬೆಳಕು ಮಗಳ ಮುಖದ ಮೇಲೆ ಬಂದು ನಿಂತಿತು. ರೇಣುಕಾ ಅಳುತ್ತಿದ್ದಳು.

ನಾನು ಗುಂಡಿ ಒತ್ತಲಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ಬೆಳಕು ಸರಿಯಾಗಿದ್ದೂ ಕೈ ಏಳದೇ ಹೋದದ್ದು ಅದೊಂದೇ ಸಲ.

"ಏನಿದು ಬೀಗತಿ?" ಶಕುಂತಲಾಬಾಯಿಯ ದನಿ ಬಂತು. ಶಾಲು ಸರಿಪಡಿಸಿಕೊಳ್ಳುತ್ತ ದಡದಡ ನಡೆದು ಬಂದರು. ಸಿಟ್ಟಿನಿಂದ ಮೂಗು ಕೆಂಪಾಗಿತ್ತು. ಚಳಿಗೂ ಇರಬಹುದು. "ಹಡದ ತಾಯಿ ಮಾರಿ ಮುಚ್ಚಿಕೊಂಡು ಮಗಳಿಗೆ ಬೆಳಕು ಹಿಡಿಯೂದಂದ್ರ ಹ್ಯಾಂಗ್ರಿ? ನನ್ನ ಕಣ್ಣಿಂದ ನೋಡಾಕ ಆಗವಲ್ದು. ಕೊಡ್ರಿ ಇಲ್ಲಿ."

ಭಾಗಮ್ಮ ಗಾಬರಿಯಾಗಿ ಹಿಂದೆ ಸರಿದಳು. ಶಕುಂತಲಾಬಾಯಿ ಪರದೆ ಕಿತ್ತುಕೊಳ್ಳಲು ಹೋಗಿ ಅವಳ ಕೈಯನ್ನೇ ಹಿಡಿದುಬಿಟ್ಟರು. ಹಿಡಿದವರು ಬಿಡಲಿಲ್ಲ.

"ಅಯ್ಯ ಶಿವನ, ಕೈ ಬರ್ಫ್ ಆಗ್ಯಾವಲ್ಲ! ಇದ್ದೊಂದು ಕಂಬಳಿನೂ ನನ್ನ ಮಗಗ ಕೊಟ್ಟು ನಿಂತೀರೇನು?" ಎಂದು ತಮ್ಮ ಶಾಲು ತೆಗೆದು ಅವಳ ಹೆಗಲಿಗೆ ಹಾಕಿದರು. "ನೀವು ಹೋಗಿ ಮಗಳ ಬಾಜೂಕ ನಿಂದರ್ರಿ. ಇದನ್ನ ನಾ ಹಿಡೀತೀನಿ."

"ಬ್ಯಾಡ್ರಿ ಬೀಗತಿ. ನಿಮ್ಮ ಮಗನ ಲಗ್ನ. ಎಲ್ಲಾ ಛಂದ ಆಗ್ಲಿ."

"ನನ್ನ ಮಗನ ಲಗ್ನ ಅಂತನ ಹೇಳಾಕತ್ತೇನಿ. ಮಂದಿ ಮಾತಾಡಿದ್ರ ನನಗ ಆಡ್ಲಿ. ನಡೀರಿ."

ಸಂತೋಷ ತಾನೇ ಬದಿಗೆ ಸರಿದು ಜಾಗ ಬಿಟ್ಟ. ರೇಣುಕಾ ಓಡಿ ಬಂದು ತಾಯಿಯ ಕೈ ಹಿಡಿದು ಎಳೆದೊಯ್ದಳು. ಭಾಗಮ್ಮ ನಿಂತಳು, ಸೆರಗು ಮಾತ್ರ ಹಾಗೆಯೇ ಇತ್ತು. ಮಗಳು ಅದನ್ನು ಎರಡೂ ಕೈಯಿಂದ ಮೆಲ್ಲಗೆ ಮೇಲೆತ್ತಿ ತಲೆಯ ಮೇಲೆ ಹೊದಿಸಿದಳು. ನಾನು ಕಣ್ಣು ಹಚ್ಚಿದೆ. ಕ್ಯಾಮೆರಾ ಸತ್ತಿತ್ತು! ಚಳಿಗೆ ಬ್ಯಾಟರಿ ಕೈಕೊಟ್ಟಿತ್ತು. ಕುಪ್ಪಸದಿಂದ ಇನ್ನೊಂದು ತೆಗೆದು ಹಾಕುವಷ್ಟರಲ್ಲಿ ನನ್ನ ಮರಗಟ್ಟಿದ ಬೆರಳು ಎರಡು ಸಲ ಜಾರಿದವು. ಸೂರ್ಯ ಬಲೆಯಿಂದ ಮೇಲೆ ಬಂದು ಬಿಳಿಯಾಗುತ್ತಿದ್ದ.

"ಲಗೂನ ತಗಿ, ಭಾಗಮ್ಮ ಓಡಿ ಹೋಗ್ಯಾಳು!" ಎಂದು ಒಲೆಯ ಹತ್ತಿರದಿಂದ ನಮ್ಮ ಮನೆಯವರು ಕೂಗಿದರು. ಎಲ್ಲರೂ ನಕ್ಕರು. ಭಾಗಮ್ಮನೂ ನಕ್ಕಳು. ಆ ನಗುವೇ ನನಗೆ ಸಿಕ್ಕಿತು.

ಶಕುಂತಲಾಬಾಯಿಗೆ ರಿಫ್ಲೆಕ್ಟರ್ ಹಿಡಿಯಲು ಬರುತ್ತಿರಲಿಲ್ಲ. ಬೆಳಕು ಮಗಳ ಮೇಲೆ ಅರ್ಧ, ತಾಯಿಯ ಮೇಲೆ ಪೂರ್ತಿ ಬಿದ್ದಿತ್ತು. ನಾನು ತಿದ್ದಲಿಲ್ಲ. ಆಮೇಲೆ ಸಂತೋಷನನ್ನೂ ನಿಲ್ಲಿಸಿ ತೆಗೆದೆ, ಬೀಗತಿಯರಿಬ್ಬರನ್ನೂ ನಿಲ್ಲಿಸಿ ತೆಗೆದೆ. ಅಷ್ಟರಲ್ಲಿ ಇಬ್ಬನಿ ಆರಿತು. ಭಾಗಮ್ಮ ಇನ್ನು ಸಾಕು ಎಂದು ಶಾಲು ತಿರುಗಿ ಕೊಟ್ಟು ಬಲೆ ಬಿಚ್ಚಲು ನಡೆದಳು. ಕುರಿಗಳು ನಮ್ಮನ್ನೆಲ್ಲ ದಾಟಿಕೊಂಡು ಹೊರಗೆ ನುಗ್ಗಿದವು.

ಮದುವೆ ಕಲ್ಯಾಣದಲ್ಲಿ ಆಯಿತು. ನಾನು ಕ್ಯಾಮೆರಾ ಇಲ್ಲದೆ, ಒಳ್ಳೆಯ ಸೀರೆ ಉಟ್ಟುಕೊಂಡು, ಉಣ್ಣಲು ಮಾತ್ರ ಹೋಗಿದ್ದೆ. ಒಳಗೆ ನನಗೆ ಅಳುಕಿತ್ತು. ಹೊಲದಲ್ಲಿ ಆದದ್ದು ಹೊಲಕ್ಕೇ ಮುಗಿಯಿತೇನೋ, ಇಲ್ಲಿ ನೂರಾರು ಜನರ ಎದುರು ಭಾಗಮ್ಮ ಮತ್ತೆ ಅಡುಗೆ ಮನೆ ಸೇರಿರುತ್ತಾಳೇನೋ ಎಂದು. ಈಗ ಮದುವೆ ಮಂಟಪದ ಬಾಗಿಲಿಗೆ ಮದುಮಕ್ಕಳ ದೊಡ್ಡ ಫ್ಲೆಕ್ಸ್ ಕಟ್ಟುವುದು ಪದ್ಧತಿಯಾಗಿದೆಯಲ್ಲ, ಅಲ್ಲೂ ಕಟ್ಟಿದ್ದರು. ಸ್ಕೂಟರ್ ನಿಲ್ಲಿಸುತ್ತಿದ್ದ ನಮ್ಮ ಮನೆಯವರು ನನ್ನ ತೋಳು ಹಿಡಿದು, "ಅಲ್ಲಿ ನೋಡ" ಎಂದರು.

ಫ್ಲೆಕ್ಸಿನ ಮೇಲೆ ರೇಣುಕಾ ಮತ್ತು ಭಾಗಮ್ಮ. ಆಳೆತ್ತರದ ತಾಯಿ, ಮುಖದ ತುಂಬ ಬೆಳಕು, ನಗು, ಹೆಗಲ ಮೇಲೆ ಬೀಗತಿಯ ಶಾಲು, ಹಿಂದೆ ಕುರಿಗಳು. ಮದುಮಕ್ಕಳು ಜೊತೆಗಿರುವ ಫೋಟೋ ಅದರ ಕೆಳಗೆ ಸಣ್ಣದಾಗಿ ಇತ್ತು. ಒಳಗೆ ಹೋಗುವ ಪ್ರತಿಯೊಬ್ಬರೂ ಮೊದಲು ಭಾಗಮ್ಮನ ಮುಖ ನೋಡಿಕೊಂಡೇ ಹೋಗಬೇಕಾಗಿತ್ತು. ಕೆಲವರು ತಿರುಗಿ ನೋಡಿ ಪಿಸುಗುಟ್ಟಿದರು, ಅದೂ ಖರೇ.

ಬಾಗಿಲಲ್ಲಿ ಶಕುಂತಲಾಬಾಯಿ ಎಲ್ಲರಿಗೂ ಕೇಳುವಂತೆ ಗದರಿಸುತ್ತಿದ್ದರು. "ಬೀಗತಿ, ಒಳಗೆಲ್ಲಿ ಹೊಂಟ್ರಿ? ಮಂದಿ ಫೋಟೋ ನೋಡಿ ಖರೇ ಆಕಿ ಎಲ್ಲಿ ಅಂತ ಕೇಳಾಕತ್ತಾರ. ಇಲ್ಲೇ ನಿಂದರ್ರಿ ನನ್ನ ಬಾಜೂಕ."

ಭಾಗಮ್ಮ ನನ್ನನ್ನು ಕಂಡು ಹತ್ತಿರ ಬಂದಳು. ಕಣ್ಣು ತುಂಬಿದ್ದವು. ತನ್ನದೇ ಫೋಟೋವನ್ನು ಕಳ್ಳಗಣ್ಣಿನಿಂದ ಒಮ್ಮೆ ನೋಡಿ, "ಅಕ್ಕಾರ, ನನ್ನ ಹಿಂದ ಆ ಟಗರು ಯಾಕ ಹಂಗ ಬಾಯಿ ತಗದು ನಿಂತೈತಿ? ಅದನ್ನೀಟು ಅಳಿಸಾಕ ಬರ್ತಿದ್ದಿಲ್ಲೇನ್ರಿ?" ಎಂದಳು. ನಾನು ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟೆ, ನಗುತ್ತಲೇ ಅತ್ತೆ.

ಅವತ್ತು ಭಾಗಮ್ಮ ಅಡುಗೆ ಮನೆಯ ಕಡೆ ಹೋಗಲಿಲ್ಲ. ಊಟ ಮುಗಿದು ನಾವು ಹೊರಡುವ ತನಕ ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಬರ್ರಿ, ಬರ್ರಿ ಎನ್ನುತ್ತಿದ್ದಳು.